ಮಗುವಿನ ಅನ್ನಕ್ಕೆ ತಲಾಕ್ ಇಲ್ಲ

(ಕೋರಮಂಡಲ್‌ನಲ್ಲಿ ಸೇರಿದ್ದ ಜಮಾಅತ್ ಪ್ರಮುಖರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಮುಂಜಾನೆಯ ರೈಲನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಈ ಸಭೆಯಲ್ಲಿರುವ ಅನೇಕರು ಅದರಲ್ಲೇ ಹೋಗಿ ಅದರಲ್ಲೇ ಮರಳುವವರು. ಆ ರೈಲಿನಲ್ಲಿ ಕೋರಮಂಡಲ್‌ನಿಂದ ಬಂಗಾರಪೇಟೆಯವರೆಗೆ ನಮ್ಮ ಜೊತೆ ಮಾತನಾಡಿದ ಒಬ್ಬ ಸಹೋದರಿಯ ಪ್ರಶ್ನೆಯೇ ಇಂದಿನ ಈ ಮಾತುಗಳಿಗೆ ಕಾರಣ. ಆಕೆಗೆ ತಲಾಕ್ ಆಗಿದೆ. ಇಬ್ಬರು ಮಕ್ಕಳು ಆಕೆಯ ಬಳಿಯಲ್ಲಿದ್ದಾರೆ. ಮಕ್ಕಳು ಏಳುವ ಮೊದಲೇ ಮನೆಯಿಂದ ಹೊರಟು, ಅವರು ಮಲಗುವ ಹೊತ್ತಿಗೆ ಮನೆ ಸೇರುತ್ತಾಳೆ. ಮಕ್ಕಳ ತಂದೆಯೂ ಬೆಂಗಳೂರಿನಲ್ಲಿಯೇ ದುಡಿಯುತ್ತಾನೆ. ಮೂರು ವರ್ಷಗಳಿಂದ ಒಂದು ರೂಪಾಯಿಯನ್ನೂ ಕಳುಹಿಸಿಲ್ಲ.

"ಜಮಾಅತಿನಲ್ಲಿ ತೀರ್ಮಾನವಾಗಲಿಲ್ಲವೇ?" ಎಂದು ನಾವು ಕೇಳಿದೆವು. ಆಗಿತ್ತು. ಮಹ್ರ್ ಕೊಡಿಸಿದ್ದರು. ತವರಿನಿಂದ ಬಂದ ಬೀರು, ಮಂಚ, ಪಾತ್ರೆಗಳನ್ನು ಪಟ್ಟಿ ಮಾಡಿ ಮರಳಿಸಿದ್ದರು. ಎರಡೂ ಕಡೆಯವರ ಸಹಿಯಾಗಿತ್ತು. ಉರ್ದುವಿನಲ್ಲಿ ಆಕೆ ಮುಂದೆ ಹೇಳಿದ ಮಾತನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: "ಚಮಚದವರೆಗೂ ಲೆಕ್ಕ ಹಾಕಿ ಬರೆದರು. ಮಕ್ಕಳನ್ನು ಮಾತ್ರ ಯಾರ ಲೆಕ್ಕಕ್ಕೂ ಬರೆಯಲಿಲ್ಲ."

ಆ ಕಾಗದಕ್ಕೆ ಸಹಿ ಹಾಕಿದ ಹಿರಿಯರು ಕೆಟ್ಟವರಲ್ಲ. ತಮ್ಮ ಕೆಲಸ ಬಿಟ್ಟು, ಹಲವು ರಾತ್ರಿ ಕುಳಿತು, ಎರಡು ಮನೆತನಗಳ ಜಗಳವನ್ನು ಬೀದಿಗೆ ಬಾರದಂತೆ ತಡೆದವರು. ಆದರೆ ಆ ಜಗಳದಲ್ಲಿ ಎರಡಲ್ಲ, ಮೂರು ಪಕ್ಷಗಳಿದ್ದವು. ಮೂರನೆಯ ಪಕ್ಷಕ್ಕೆ ಮಾತು ಬರುತ್ತಿರಲಿಲ್ಲ. ಅದರ ಪರವಾಗಿ ಕುಳಿತವರೂ ಯಾರೂ ಇರಲಿಲ್ಲ.

ಸಹೋದರರೇ, ಇಂದು ನಾವು ಹೇಳಬೇಕೆಂದಿರುವುದು ಒಂದೇ ಮಾತು. ಮಗುವಿನ ಜೀವನಾಂಶವು ತಾಯಿಗೆ ಕೊಡುವ ಪರಿಹಾರವಲ್ಲ, ತಂದೆ ತೋರುವ ಔದಾರ್ಯವೂ ಅಲ್ಲ. ಅದು ಮಗುವಿಗೆ ತಂದೆ ಸಲ್ಲಿಸಬೇಕಾದ ಸಾಲ. ಸಾಲದ ಒಡೆಯ ಮಗು. ಒಡೆಯನನ್ನು ಬಿಟ್ಟು ಬೇರೆಯವರು ಆ ಸಾಲವನ್ನು ಮನ್ನಾ ಮಾಡಲಾಗದು.

ನಾವು ಮದ್ರಸದಲ್ಲಿ ಕಲಿತವರು. ಆದ್ದರಿಂದ ಮೊದಲು ಧರ್ಮದ ಮಾತನ್ನೇ ಹೇಳೋಣ. ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೆಯ ವಚನವು ಮಗುವಿಗೆ ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಅದೇ ವಚನದಲ್ಲಿ ಇನ್ನೆರಡು ಮಾತುಗಳಿವೆ. ಯಾರ ಮೇಲೂ ಅವರ ಶಕ್ತಿಗೆ ಮೀರಿದ ಭಾರ ಹೊರಿಸಬಾರದು. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ಕಿರುಕುಳ ಉಂಟಾಗಬಾರದು. ತಲಾಕ್ ಎಂಬ ಹೆಸರಿನ ಅಧ್ಯಾಯವೇ ಕುರ್‌ಆನಿನಲ್ಲಿದೆ. ಅದರ 6 ಮತ್ತು 7ನೆಯ ವಚನಗಳನ್ನು ಮನೆಗೆ ಹೋಗಿ ಓದಿ ನೋಡಿ. ವಿಚ್ಛೇದಿತ ತಾಯಿಯು ಮಗುವಿಗೆ ಹಾಲುಣಿಸಿದರೆ ಅದಕ್ಕಾಗಿ ಆಕೆಗೆ ಪ್ರತಿಫಲ ಕೊಡಬೇಕೆಂದು ಅಲ್ಲಿ ಆದೇಶವಿದೆ. ಉಳ್ಳವನು ತನ್ನ ಅನುಕೂಲಕ್ಕೆ ತಕ್ಕಂತೆ, ಕೈ ಬಿಗಿಯಾಗಿರುವವನು ತನಗೆ ದೊರೆತದ್ದರಲ್ಲಿ ಖರ್ಚು ಮಾಡಬೇಕೆಂದೂ ಇದೆ. ಗಮನಿಸಿ, ಬಡವನನ್ನು ಅಲ್ಲಿ ಬಿಟ್ಟುಬಿಟ್ಟಿಲ್ಲ. ಅವನ ಮೊತ್ತ ಸಣ್ಣದಾಗಬಹುದು, ಹೊಣೆ ಇಲ್ಲವಾಗುವುದಿಲ್ಲ.

ಪ್ರವಾದಿ(ಸ)ರ ಬಳಿಗೆ ಹಿಂದ್ ಬಿಂತ್ ಉತ್ಬ ಎಂಬ ಮಹಿಳೆ ಬಂದು, ತನ್ನ ಪತಿ ಅಬೂ ಸುಫ್ಯಾನ್ ಜಿಪುಣರೆಂದೂ, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲವೆಂದೂ ದೂರಿಕೊಂಡ ಘಟನೆಯನ್ನು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ನೀವು ಕೇಳಿರುವಿರಿ. ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಪತಿಯ ಸಂಪತ್ತಿನಿಂದ ಅವನಿಗೆ ತಿಳಿಯದೆಯೂ ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಆಕೆಗೆ ಅನುಮತಿ ನೀಡಿದರು. ಬೇರೆಯವರ ಸ್ವತ್ತನ್ನು ಅನುಮತಿಯಿಲ್ಲದೆ ಮುಟ್ಟಬಾರದೆಂದು ಕಲಿಸಿದ ಧರ್ಮ ಇಲ್ಲಿ ಏಕೆ ಅನುಮತಿ ನೀಡಿತು? ಅದರಲ್ಲಿ ಮಕ್ಕಳಿಗೂ ಹಕ್ಕಿತ್ತು ಎಂಬ ಕಾರಣಕ್ಕೆ. ತನ್ನ ಆಶ್ರಯದಲ್ಲಿರುವವರನ್ನು ಹಸಿವಿಗೆ ದೂಡುವುದೇ ಒಬ್ಬನು ಪಾಪಿಯೆನಿಸಲು ಸಾಕು ಎಂಬ ಅರ್ಥದ ಹದೀಸ್ ಅಬೂ ದಾವೂದ್ ಗ್ರಂಥದಲ್ಲಿದೆ. ನಮಾಝಿನ ಮೊದಲ ಸಾಲಿನಲ್ಲಿ ನಿಲ್ಲುವ ಎಷ್ಟೋ ಮಂದಿಗೆ ಈ ಹದೀಸನ್ನು ಯಾರೂ ಓದಿ ಹೇಳಿಲ್ಲ.

ಈಗ ನಮ್ಮ ರಾಜಿ ಕಾಗದಗಳಿಗೆ ಬರೋಣ. ಖುಲಾ ಕೇಳಿದ ಹೆಣ್ಣಿಗೆ ಗಂಡನ ಕಡೆಯವರು ಹಾಕುವ ಷರತ್ತು ಬಹಳಷ್ಟು ಸಲ ಒಂದೇ ಆಗಿರುತ್ತದೆ: "ಬಿಡುಗಡೆ ಕೊಡುತ್ತೇವೆ, ಮಕ್ಕಳ ಖರ್ಚು ಕೇಳಬಾರದು." ಬಿಡುಗಡೆಯಾದರೆ ಸಾಕೆಂದು ಆಕೆ ಒಪ್ಪುತ್ತಾಳೆ. ಕಾಗದದಲ್ಲಿ 'ಇನ್ನು ಮುಂದೆ ಯಾವುದೇ ಬೇಡಿಕೆ ಇಲ್ಲ' ಎಂಬ ಸಾಲು ಬೀಳುತ್ತದೆ. ಕೆಲವರು ಇದಕ್ಕೆ ಫಿಕ್‌ಹ್‌ನ ಆಧಾರವಿದೆ ಎನ್ನುತ್ತಾರೆ. ಆ ಆಧಾರವನ್ನು ಪೂರ್ತಿಯಾಗಿ ಓದಬೇಕು. ಮಗುವಿನ ಖರ್ಚನ್ನು ತಾಯಿ ವಹಿಸಿಕೊಳ್ಳುವ ಷರತ್ತಿನ ಮೇಲೆ ಖುಲಾ ಆಗಬಹುದೆಂದು ಹನಫೀ ವಿದ್ವಾಂಸರು ಹೇಳಿರುವುದು ನಿಜ. ಆದರೆ ಆಕೆ ಕೈಲಾಗದವಳಾಗಿ ಮಗುವಿನ ಖರ್ಚು ಕೇಳಿದರೆ, ಕೊಡುವಂತೆ ತಂದೆಯನ್ನು ಬಲವಂತಪಡಿಸಬೇಕೆಂದೂ ಅವರೇ ಹೇಳಿದ್ದಾರೆ. ಗಂಡ ಹೆಂಡತಿಯ ಲೆಕ್ಕವನ್ನು ಅವರಿಬ್ಬರೂ ಆಮೇಲೆ ನೋಡಿಕೊಳ್ಳಲಿ, ಮಗು ಹಸಿದಿರಬಾರದು ಎಂಬುದು ಆ ವಿದ್ವಾಂಸರ ನಿಲುವು. ನಮ್ಮ ಪಂಚಾಯಿತಿಗಳು ಮೊದಲ ಅರ್ಧವನ್ನು ಓದಿ ಪುಸ್ತಕ ಮುಚ್ಚಿವೆ.

ದೇಶದ ನ್ಯಾಯಾಲಯಗಳೂ ಇಂತಹ ಸಾಲುಗಳಿಗೆ ಬೆಲೆ ಕೊಟ್ಟಿಲ್ಲ. ತಾಯಿ ಸಹಿ ಹಾಕಿದ ಮಾತ್ರಕ್ಕೆ ಮಗುವಿನ ಹಕ್ಕು ಅಳಿಯದು. ಆದ್ದರಿಂದ ಹಳೆಯ ರಾಜಿ ಕಾಗದವನ್ನು ಕಂಡು ಹೆದರಿ ಮನೆಯಲ್ಲಿ ಕುಳಿತಿರುವ ಸಹೋದರಿಯರಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

ಈ ಸಮಸ್ಯೆ ಮುಸ್ಲಿಮರದು ಮಾತ್ರವಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ಮಾತನಾಡುವ, ದೇವಸ್ಥಾನ, ಚರ್ಚು, ಮಸೀದಿಗಳು ಅಕ್ಕಪಕ್ಕದಲ್ಲಿರುವ ಈ ಚಿನ್ನದ ಗಣಿಯ ಊರಿನಲ್ಲಿ ಎಲ್ಲ ಸಮುದಾಯಗಳಲ್ಲೂ ಬಿಟ್ಟುಹೋದ ತಂದೆಯರಿದ್ದಾರೆ. ಜೊತೆಗೆ, ಇಲ್ಲಿ ಈ ಸಮಸ್ಯೆಗೆ ತನ್ನದೇ ಆದ ಒಂದು ಮುಖವಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಗಣಿಗಾರಿಕೆ ಆರಂಭಿಸಿತು. 1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು. ಮುಂದೆ ಕೇಂದ್ರ ಸರಕಾರದ ಭಾರತ್ ಗೋಲ್ಡ್ ಮೈನ್ಸ್ ಅವುಗಳನ್ನು ನಡೆಸಿತು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಗಣಿ ನಡೆಯುತ್ತಿದ್ದಾಗ ಗಂಡಸಿನ ಸಂಬಳಕ್ಕೆ ಒಂದು ವಿಳಾಸವಿತ್ತು. ಯಾವ ಗಣಿ, ಯಾವ ಪಾಳಿ, ಯಾವ ಲೈನಿನ ಮನೆ ಎಂಬುದು ಎಲ್ಲರಿಗೂ ತಿಳಿದಿತ್ತು. ಇಂದು ಅವನ ಮಗ ಒಂದು ತಿಂಗಳು ವೈಟ್‌ಫೀಲ್ಡಿನಲ್ಲಿ ಬಣ್ಣ ಬಳಿಯುತ್ತಾನೆ, ಮುಂದಿನ ತಿಂಗಳು ಕೆ.ಆರ್. ಪುರದಲ್ಲಿ ಗಾಡಿ ಓಡಿಸುತ್ತಾನೆ, ಆಮೇಲೆ ಹೊಸೂರಿಗೆ ಹೋಗುತ್ತಾನೆ. ಬಿಟ್ಟುಹೋಗುವ ತಂದೆ ಅಂದೂ ಇದ್ದ, ಇಂದೂ ಇದ್ದಾನೆ. ಅಂದು ಅವನನ್ನು ಹುಡುಕುವುದು ಸುಲಭವಾಗಿತ್ತು. ಇಂದು ನೋಟಿಸು ಹಿಡಿದ ಅಮೀನನಿಗೆ ಬೀಗ ಹಾಕಿದ ಮನೆ ಸಿಗುತ್ತದೆ. ಆದರೆ ಅವನು ಎಲ್ಲಿದ್ದಾನೆಂಬುದು ಜಮಾಅತಿಗೆ ಗೊತ್ತು. ಹಬ್ಬಕ್ಕೆ ಬರುತ್ತಾನೆ, ಸೋದರಳಿಯನ ನಿಕಾಹ್‌ಗೆ ಬರುತ್ತಾನೆ, ತಂದೆಯ ಜನಾಝಕ್ಕೆ ಬರುತ್ತಾನೆ. ಆದ್ದರಿಂದಲೇ ಈ ಕೆಲಸದಲ್ಲಿ ಜಮಾಅತಿಗೆ ಇರುವ ಶಕ್ತಿ ಅಮೀನನಿಗೆ ಇಲ್ಲವೆಂದು ನಾವು ಹೇಳುತ್ತಿದ್ದೇವೆ.

ಇನ್ನು ಕಾನೂನಿನ ಮಾತು. ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಹೆಂಡತಿ ಮಕ್ಕಳ ಜೀವನಾಂಶದ ಕಾನೂನು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ಸಂಖ್ಯೆ ಬದಲಾದರೂ ತಿರುಳು ಹಾಗೆಯೇ ಇದೆ. ಎಲ್ಲ ಧರ್ಮದವರಿಗೂ ಅದು ಅನ್ವಯಿಸುತ್ತದೆ. ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಮೊಕದ್ದಮೆ ಮುಗಿಯುವವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು. ಎದುರಾಳಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಆ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ ತೀರ್ಮಾನಿಸಬೇಕು. ಅರ್ಜಿ ಹಾಕಲು ಗಂಡನಿರುವ ಊರಿಗೆ ಅಲೆಯಬೇಕಾಗಿಲ್ಲ, ತಾಯಿ ವಾಸಿಸುವಲ್ಲಿಯೇ ಹಾಕಬಹುದು. ಕುಟುಂಬ ನ್ಯಾಯಾಲಯವಿರುವಲ್ಲಿ ಅಲ್ಲಿ, ಇಲ್ಲದ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯಬೇಕು. ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. 15100 ಎಂಬ ಸಹಾಯವಾಣಿಯೂ ಇದೆ.

"ನನಗೆ ಸಂಬಳವೇ ಇಲ್ಲ" ಎಂಬುದು ಪ್ರತಿಯೊಬ್ಬ ತಂದೆಯ ಮೊದಲ ಉತ್ತರ. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಈ ಉತ್ತರಕ್ಕೆ ಒಂದು ದಾರಿ ತೋರಿಸಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ವಿಚಾರಣೆಯನ್ನು ಎಳೆದಾಡಿ ಹಣ ಉಳಿಸುವ ತಂತ್ರಕ್ಕೆ ಇದರಿಂದ ಪೆಟ್ಟು ಬಿತ್ತು. ಮೈಯಲ್ಲಿ ಶಕ್ತಿಯಿರುವ ಗಂಡಸು ಕೆಲಸವಿಲ್ಲವೆಂದು ಹೇಳಿ ನುಣುಚಿಕೊಳ್ಳಲಾಗದೆಂದೂ ಸುಪ್ರೀಮ್ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ದುಡಿಯಬಲ್ಲ ತಂದೆ ದುಡಿದು ಮಕ್ಕಳನ್ನು ಸಾಕಬೇಕೆಂದು ನಮ್ಮ ಫಿಕ್‌ಹ್ ಹೇಳುವುದೂ ಇದನ್ನೇ.

ಆದೇಶವಾದರೂ ಕೊಡದಿದ್ದರೆ? ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿಂದ. ವಾರಂಟ್ ಹೊರಡಿಸಿ ದಂಡದಂತೆ ವಸೂಲಿ ಮಾಡಬಹುದು. ಬಾಕಿಗಾಗಿ ಒಂದು ತಿಂಗಳವರೆಗೆ ಸೆರೆಮನೆಗೂ ಕಳುಹಿಸಬಹುದು. ಒಂದು ತಿಂಗಳು ಒಳಗಿದ್ದು ಬಂದರೆ ಸಾಲ ತೀರಿತು ಎಂಬ ಭ್ರಮೆ ಅನೇಕರಲ್ಲಿದೆ. ಕುಲ್‌ದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 1988ರಷ್ಟು ಹಿಂದೆಯೇ ಈ ಭ್ರಮೆಯನ್ನು ಕಳಚಿದೆ. ಸೆರೆವಾಸ ವಸೂಲಿಯ ಉಪಾಯ ಮಾತ್ರ, ಹಣ ಕೊಟ್ಟಾಗಲೇ ಸಾಲ ತೀರುವುದು. ಆದರೆ ತಾಯಂದಿರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಬಾಕಿಯ ವಾರಂಟಿಗಾಗಿ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಂದಲ್ಲ ನಾಳೆ ಕೊಟ್ಟಾನು ಎಂದು ಎರಡು ಮೂರು ವರ್ಷ ಕಾಯುತ್ತಾ ಕುಳಿತರೆ ಆ ದಾರಿ ಮುಚ್ಚುತ್ತಾ ಹೋಗುತ್ತದೆ. ಹನಫೀ ಫಿಕ್‌ಹ್‌ನಲ್ಲಿಯೂ ಖಾಜಿಯ ಆದೇಶವಿಲ್ಲದೆ ಕಳೆದುಹೋದ ಕಾಲದ ಮಕ್ಕಳ ಖರ್ಚನ್ನು ಹಿಂದಿನಿಂದ ವಸೂಲಿ ಮಾಡುವುದು ಕಷ್ಟ. ತಡ ಮಾಡುವವರಿಗೆ ಎರಡು ಕಡೆಯೂ ನಷ್ಟವೇ.

ಈಗ ರಾಜಕೀಯದ ಮಾತನ್ನೂ ಆಡಬೇಕಾಗಿದೆ. ಏಕೆಂದರೆ ಜೀವನಾಂಶ ಎಂದ ಕೂಡಲೇ ನಮ್ಮವರಿಗೆ 1985ರ ಶಾಬಾನು ತೀರ್ಪು ನೆನಪಾಗುತ್ತದೆ. ದೇಶದಾದ್ಯಂತ ಸಭೆಗಳಾದವು, ಮೆರವಣಿಗೆಗಳಾದವು. 1986ರಲ್ಲಿ ಹೊಸ ಕಾನೂನು ಬಂತು. ವಿಚ್ಛೇದಿತೆಯ ಬಳಿಯಿರುವ ಮಗುವಿಗೆ ಹುಟ್ಟಿನಿಂದ ಎರಡು ವರ್ಷಗಳವರೆಗೆ ಖರ್ಚು ಕೊಡಬೇಕೆಂಬ ಮಾತು ಅದರಲ್ಲಿತ್ತು. ಅದನ್ನೇ ಹಿಡಿದುಕೊಂಡು ಕೆಲವು ತಂದೆಯರು, ಎರಡು ವರ್ಷದ ಮೇಲೆ ತಮಗೆ ಹೊಣೆಯಿಲ್ಲವೆಂದು ವಾದಿಸಿದರು. ಬಿಹಾರದ ನೂರ್ ಸಬಾ ಖಾತೂನ್ ಎಂಬ ತಾಯಿಯ ಮೂವರು ಮಕ್ಕಳಿಗೆ ಕೆಳಗಿನ ನ್ಯಾಯಾಲಯವು ತಲಾ 150 ರೂಪಾಯಿ ಕೊಡಿಸಿತ್ತು. ಆ 150 ರೂಪಾಯಿಯ ವಿರುದ್ಧ ತಂದೆ ಮೇಲಿನ ನ್ಯಾಯಾಲಯಕ್ಕೆ ಹೋದ. ಹೈಕೋರ್ಟಿನಲ್ಲಿ ಅವನ ವಾದ ನಡೆಯಿತು ಕೂಡ. ಕೊನೆಗೆ 1997ರಲ್ಲಿ ಸುಪ್ರೀಮ್ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಮಕ್ಕಳ ಹಕ್ಕು ಸ್ವತಂತ್ರವಾದುದು, 1986ರ ಕಾನೂನು ಅದನ್ನು ಮೊಟಕುಗೊಳಿಸಿಲ್ಲ. ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ತಮ್ಮನ್ನು ತಾವು ಪೋಷಿಸಿಕೊಳ್ಳುವವರೆಗೆ, ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯಾಗುವವರೆಗೆ ಸಾಧನೆಯುಳ್ಳ ತಂದೆ ಹೊಣೆಗಾರ ಎಂದಿತು. ಮುಸ್ಲಿಮ್ ವೈಯಕ್ತಿಕ ಕಾನೂನು ತಂದೆಯ ಮೇಲೆ ಹೊರಿಸಿರುವ ಹೊಣೆಯನ್ನೂ ನ್ಯಾಯಾಲಯ ಅಲ್ಲಿ ನೆನಪಿಸಿತು. ಶರೀಅತ್ತಿನ ಹೆಸರಿನಲ್ಲಿ ತಂದೆ ಹೂಡಿದ್ದ ವಾದಕ್ಕೆ ನ್ಯಾಯಾಲಯವೇ ಶರೀಅತ್ತನ್ನು ತೋರಿಸಿ ಉತ್ತರಿಸಬೇಕಾಯಿತು. ಇದು ನಮಗೆ ಅಭಿಮಾನದ ಸಂಗತಿಯೋ, ತಲೆ ತಗ್ಗಿಸಬೇಕಾದ ಸಂಗತಿಯೋ?

2001ರಲ್ಲಿ ಡ್ಯಾನಿಯಲ್ ಲತೀಫಿ ತೀರ್ಪು ಬಂತು. 2019ರ ತ್ರಿವಳಿ ತಲಾಕ್ ಕಾನೂನಿನಲ್ಲಿಯೂ ಅವಲಂಬಿತ ಮಕ್ಕಳ ಭತ್ಯೆಯ ಕಲಮಿದೆ. 2024ರ ಜುಲೈ 10ರಂದು ಅಬ್ದುಲ್ ಸಮದ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠವು ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ 125ನೆಯ ಕಲಮಿನಡಿ ಜೀವನಾಂಶ ಕೇಳಬಹುದೆಂದು ತೀರ್ಪಿತ್ತಿತು. ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ ಅದನ್ನು ವಿರೋಧಿಸಿತು. ಇದ್ದತ್ತಿನ ನಂತರ ವಿಚ್ಛೇದಿತೆಗೆ ಮಾಜಿ ಪತಿ ಜೀವನಾಂಶ ಕೊಡಬೇಕೇ ಎಂಬುದು ಉಲೇಮಾಗಳಿಗೂ ನ್ಯಾಯಾಲಯಕ್ಕೂ ನಡುವಿನ ಚರ್ಚೆ. ಆ ಚರ್ಚೆ ನಡೆಯಲಿ. ಆದರೆ ಮಗುವಿನ ವಿಷಯದಲ್ಲಿ ಇಂತಹ ಚರ್ಚೆಯೇ ಇಲ್ಲ. ತಂದೆ ಕೊಡಲೇಬೇಕೆಂಬುದರಲ್ಲಿ ಕುರ್‌ಆನ್, ಹದೀಸ್, ಫಿಕ್‌ಹ್, ಸಂಸತ್ತು, ಸುಪ್ರೀಮ್ ಕೋರ್ಟ್ ಎಲ್ಲವೂ ಒಂದೇ ಕಡೆ ನಿಂತಿವೆ. ಇಷ್ಟು ಒಮ್ಮತವಿರುವ ವಿಷಯವೇ ನಮ್ಮ ಬೀದಿಗಳಲ್ಲಿ ಅತ್ಯಂತ ಕಡಿಮೆ ಜಾರಿಯಾಗುತ್ತಿದೆ. ಶರೀಅತ್ತಿನ ರಕ್ಷಣೆಗಾಗಿ ಬೀದಿಗಿಳಿದವರು, ಶರೀಅತ್ ಆದೇಶಿಸಿದ ನಫಖಾವನ್ನು ಕೊಡದ ಒಬ್ಬ ತಂದೆಯ ಮನೆಯ ಬಾಗಿಲು ತಟ್ಟಿದ್ದಾರೆಯೇ? ಇತ್ತ, ಮುಸ್ಲಿಮ್ ಮಹಿಳೆಯರಿಗಾಗಿ ಕಣ್ಣೀರು ಸುರಿಸುವ ರಾಜಕಾರಣಿಗಳಿಗೂ ಒಂದು ಪ್ರಶ್ನೆಯಿದೆ. ತಲಾಕ್ ಹೇಳಿದವನನ್ನು ಜೈಲಿಗೆ ಕಳುಹಿಸಲು ತೋರಿದ ಆತುರವನ್ನು ಮಕ್ಕಳ ಜೀವನಾಂಶ ವಸೂಲಿ ಮಾಡುವ ವ್ಯವಸ್ಥೆ ಕಟ್ಟಲು ಏಕೆ ತೋರಲಿಲ್ಲ?

ಇಂತಹ ವ್ಯವಸ್ಥೆ ಅಸಾಧ್ಯವೇನಲ್ಲ. ಟ್ಯುನೀಶಿಯಾ 1993ರಲ್ಲಿ ಇದಕ್ಕಾಗಿಯೇ ಒಂದು ನಿಧಿ ಸ್ಥಾಪಿಸಿತು. ತಂದೆ ನ್ಯಾಯಾಲಯದ ಆದೇಶ ಪಾಲಿಸದಿದ್ದರೆ ನಿಧಿಯು ತಾಯಿ ಮಕ್ಕಳಿಗೆ ಹಣ ಕೊಟ್ಟು, ಅದನ್ನು ತಂದೆಯಿಂದ ವಸೂಲಿ ಮಾಡುತ್ತದೆ. ಈಜಿಪ್ಟ್ 2004ರಲ್ಲಿ ಕುಟುಂಬ ವಿಮಾ ನಿಧಿಯನ್ನು ತಂದಿತು. ಎರಡೂ ಮುಸ್ಲಿಮ್ ಬಹುಸಂಖ್ಯಾತ ದೇಶಗಳು. ಸಾಲಗಾರನನ್ನು ಬೆನ್ನಟ್ಟುವ ಕೆಲಸ ಹಸಿದ ಮಗುವಿನ ಪಾಲಿಗೆ ಬರಬಾರದೆಂಬ ಸರಳ ವಿವೇಕ ಅಲ್ಲಿದೆ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅನೇಕ ತಾಯಂದಿರಿಗೆ ಆಸರೆಯಾಗಿದೆ. ಆದರೆ "ಸರಕಾರ ಕೊಡುತ್ತದಲ್ಲ, ನಾನೇಕೆ ಕೊಡಲಿ?" ಎಂದು ಕೇಳುವ ತಂದೆಯೂ ಇದ್ದಾನೆ. ಸರಕಾರದ ಹಣ ಗೃಹಿಣಿಗೆ ಬರುವಂಥದು. ತಂದೆಯ ಸಾಲದಲ್ಲಿ ಅದರಿಂದ ಒಂದು ಪೈಸೆಯೂ ಕಡಿಮೆಯಾಗದು.

ತಂದೆಯರ ಮಾತನ್ನೂ ಕೇಳಬೇಕು, ಅದು ನ್ಯಾಯ. "ನನಗೆ ಮಗುವನ್ನು ತೋರಿಸುವುದಿಲ್ಲ, ಮತ್ತೇಕೆ ಹಣ ಕೊಡಲಿ?" ಎಂದು ಅವರು ಕೇಳುತ್ತಾರೆ. ಮಗುವನ್ನು ತಂದೆಯಿಂದ ಮರೆಮಾಡುವುದು ತಪ್ಪು. ಇಲ್ಲಿರುವ ತಾಯಂದಿರಿಗೂ ಅವರ ತವರಿನವರಿಗೂ ಅದನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಭೇಟಿಗಾಗಿ ತಂದೆ ನ್ಯಾಯಾಲಯಕ್ಕೆ ಹೋಗಬಹುದು, ಜಮಾಅತಿನಲ್ಲೂ ಕೇಳಬಹುದು. ಆದರೆ ಭೇಟಿಗೂ ಅನ್ನಕ್ಕೂ ಗಂಟು ಹಾಕಬಾರದು. ತಾಯಿಯ ತಪ್ಪಿಗೆ ಮಗುವಿನ ತಟ್ಟೆಯನ್ನು ಎಳೆದುಕೊಳ್ಳುವುದು ಯಾವ ನ್ಯಾಯ? "ಅವಳೂ ದುಡಿಯುತ್ತಾಳೆ" ಎನ್ನುತ್ತಾರೆ. ತಾಯಿಯ ದುಡಿಮೆಯನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಅದು ತಂದೆಗೆ ಬಿಡುಗಡೆಯ ಪತ್ರವಲ್ಲ. "ನನಗೆ ಇನ್ನೊಂದು ಸಂಸಾರವಿದೆ" ಎನ್ನುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಮುಂದೆ ಬೆಂಗಳೂರಿನ ಒಬ್ಬ ಮಾಜಿ ಪತಿ ಇದೇ ವಾದ ಮುಂದಿಟ್ಟಿದ್ದ. ಆ ಪ್ರಕರಣ ಮಗುವಿನದಲ್ಲ, ವಿಚ್ಛೇದಿತೆಯದು. ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂಬ 2011ರ ಆದೇಶವನ್ನು ಅವನು ಹತ್ತು ವರ್ಷ ಕಳೆದರೂ ಎದುರಿಸುತ್ತಲೇ ಇದ್ದ. ನ್ಯಾಯಾಲಯ ಅವನ ಅರ್ಜಿಯನ್ನು 25,000 ರೂಪಾಯಿ ದಂಡದೊಂದಿಗೆ ತಳ್ಳಿಹಾಕಿತು. ಎರಡನೆಯ ಮದುವೆ ಮೊದಲ ಹೊಣೆಯನ್ನು ಅಳಿಸುವುದಿಲ್ಲ. ವಿಚ್ಛೇದಿತೆಯ ವಿಷಯದಲ್ಲೇ ಹೀಗಿರುವಾಗ, ಸ್ವಂತ ರಕ್ತದ ಮಗುವಿನ ವಿಷಯದಲ್ಲಿ ಹೇಳುವುದೇನಿದೆ?

ನಿಜವಾಗಿಯೂ ಬಡವನಾದ, ಕಾಯಿಲೆ ಬಿದ್ದ ತಂದೆಯೂ ಇದ್ದಾನೆ. ಅವನನ್ನು ಅವಮಾನಿಸಬಾರದು. ಅವನ ಕೈಲಾಗುವ ಸಣ್ಣ ಮೊತ್ತವನ್ನೇ ಗೊತ್ತುಪಡಿಸಬೇಕು. ಬಡ ತಂದೆಯ ಪರವಾಗಿ ಉಳ್ಳ ತಾಯಿ ಅಥವಾ ಅಜ್ಜ ಖಾಜಿಯ ಆದೇಶದಂತೆ ಖರ್ಚು ಮಾಡಿದರೆ, ಅದು ತಂದೆಯ ಮೇಲಿನ ಸಾಲವಾಗಿ ಉಳಿಯುತ್ತದೆ ಎಂಬ ವ್ಯವಸ್ಥೆಯೂ ಹನಫೀ ಫಿಕ್‌ಹ್‌ನಲ್ಲಿದೆ. ನೂರು ರೂಪಾಯಿಯಾದರೂ ಪ್ರತಿ ತಿಂಗಳು ಬಂದರೆ, ತನಗೊಬ್ಬ ತಂದೆಯಿದ್ದಾನೆ ಎಂಬುದು ಮಗುವಿಗೆ ಗೊತ್ತಿರುತ್ತದೆ.

ಹಿರಿಯರೇ, ನಾವು ಇಲ್ಲಿ ಬಂದು ದೂಷಿಸಿ ಹೋಗುವವರಲ್ಲ. ನಾಲ್ಕು ಸಲಹೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ತಲಾಕ್ ಅಥವಾ ಖುಲಾದ ರಾಜಿ ಕಾಗದದಲ್ಲಿ ಪ್ರತಿ ಮಗುವಿಗೂ ಬೇರೆ ಪುಟವಿರಲಿ. ಮಗುವಿನ ಹೆಸರು, ವಯಸ್ಸು, ತಿಂಗಳ ಮೊತ್ತ, ಕೊಡಬೇಕಾದ ದಿನ, ಶಾಲೆಯ ಶುಲ್ಕ, ಔಷಧಿ, ಹಬ್ಬದ ಬಟ್ಟೆ, ವರ್ಷಕ್ಕೆಷ್ಟು ಏರಿಕೆ, ಇವೆಲ್ಲ ಅದರಲ್ಲಿರಲಿ. ತಾಯಿ ತನ್ನ ಮಹ್ರ್ ಬಿಟ್ಟುಕೊಟ್ಟರೂ ಈ ಪುಟಕ್ಕೆ ಬಾಧಕವಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. 'ಯಾವುದೇ ಬೇಡಿಕೆ ಇಲ್ಲ' ಎಂಬ ಸಾಲನ್ನು ಮಕ್ಕಳ ವಿಷಯದಲ್ಲಿ ಎಂದೂ ಬರೆಯಬೇಡಿ.

ಎರಡು, ಹಣ ಕೈಯಿಂದ ಕೈಗೆ ಹೋಗದಿರಲಿ. ಬ್ಯಾಂಕ್ ಖಾತೆಗೆ ಅಥವಾ ಅಂಚೆ ಕಚೇರಿಯ ಖಾತೆಗೆ ಬೀಳಲಿ. ಕೊಟ್ಟವನಿಗೂ ಸಾಕ್ಷಿ, ಪಡೆದವಳಿಗೂ ಸಾಕ್ಷಿ. ಕೊಟ್ಟೆನೆಂದು ಅವನು, ಬಂದಿಲ್ಲವೆಂದು ಅವಳು ಮಸೀದಿಯ ಅಂಗಳದಲ್ಲಿ ಕೂಗಾಡುವ ಪ್ರಸಂಗವೇ ಬಾರದು.

ಮೂರು, ಬೇರ್ಪಟ್ಟ ಗಂಡಸು ಮರುಮದುವೆಗೆ ಜಮಾಅತಿನ ಪತ್ರ ಕೇಳಲು ಬಂದಾಗ ಮಕ್ಕಳ ಖಾತೆಯ ಪುಸ್ತಕವನ್ನು ತರಲು ಹೇಳಿ. ಅಲ್ಲಾಹನು ಅನುಮತಿಸಿದ ನಿಕಾಹನ್ನು ನಿಷೇಧಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವನ ಪರವಾಗಿ ಪ್ರಾಮಾಣಿಕತೆಯ ಪತ್ರ ಕೊಡುವ ಮುನ್ನ ಅವನ ಸಾಲದ ಬಗ್ಗೆ ಕೇಳುವುದು ಜಮಾಅತಿನ ಅಮಾನತ್ತಿಗೆ ಸೇರಿದ ವಿಷಯ. ಹೊಸ ಹೆಣ್ಣಿನ ತಂದೆಗೂ ಇದನ್ನು ತಿಳಿಯುವ ಹಕ್ಕಿದೆ.

ನಾಲ್ಕು, ಮೂರು ತಿಂಗಳು ಹಣ ಬರದಿದ್ದರೆ ತಾಯಿಯನ್ನು ನ್ಯಾಯಾಲಯಕ್ಕೆ ಹೋಗದಂತೆ ತಡೆಯಬೇಡಿ. ಜಮಾಅತಿನ ಇಬ್ಬರು ಜೊತೆಯಲ್ಲಿ ಹೋಗಿ. ಅವನ ಈಗಿನ ವಿಳಾಸವನ್ನೂ ಕೆಲಸದ ಸ್ಥಳವನ್ನೂ ಕೊಡಿ. ಕೋರ್ಟಿಗೆ ಹೋದವಳು ಸಮುದಾಯದ ಮಾನ ಕಳೆದಳು ಎಂಬ ಮಾತನ್ನು ಇಂದಿಗೇ ಬಿಟ್ಟುಬಿಡೋಣ. ಮಗುವಿನ ಹಸಿವನ್ನು ಮುಚ್ಚಿಟ್ಟು ಉಳಿಸಿಕೊಳ್ಳುವ ಮಾನ ಎಂತಹುದು? ಅಲ್ಲಿಯವರೆಗೆ ಬೈತುಲ್‌ಮಾಲ್‌ನಿಂದ ಆ ಮನೆಗೆ ನೆರವಾಗಿ. ಆದರೆ ಆ ನೆರವಿನ ಹೆಸರಿನಲ್ಲಿ ತಂದೆಯ ಲೆಕ್ಕವನ್ನು ಮುಚ್ಚಬೇಡಿ.

ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ, ಹೊಸ ಸಂಘಟನೆಯೂ ಬೇಡ. ಒಂದು ನೋಂದಣಿ ಪುಸ್ತಕ, ಅದನ್ನು ತಿಂಗಳಿಗೊಮ್ಮೆ ತೆರೆದು ನೋಡುವ ಇಬ್ಬರು ಪ್ರಾಮಾಣಿಕರು, ಅವರ ಜೊತೆ ತಾಯಂದಿರ ಬಳಿ ಮಾತನಾಡಬಲ್ಲ ಒಬ್ಬ ಸಹೋದರಿ ಇದ್ದರೆ ಸಾಕು. ಇಂದಿನ ಸಭೆ ಮುಗಿದ ಮೇಲೆ ಆ ಪುಸ್ತಕವನ್ನು ಕೊಳ್ಳಲು ಯಾರಾದರೂ ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಹೋದರೆ ನಮ್ಮ ಮಾತು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ.

ರೈಲಿನ ಆ ಸಹೋದರಿ ಬಂಗಾರಪೇಟೆ ಬಂದಾಗ ಮಾತು ನಿಲ್ಲಿಸಿದಳು. ಅಲ್ಲಿ ಹತ್ತಿದ ಜನರ ಗುಂಪಿನಲ್ಲಿ ಆಕೆಯ ಪರಿಚಯದವರಿದ್ದರು. ತನ್ನ ಕಷ್ಟ ಅವರ ಕಿವಿಗೆ ಬೀಳಬಾರದೆಂದು ಆಕೆ ಮುಖ ತಿರುಗಿಸಿ ಕಿಟಕಿಯತ್ತ ನೋಡತೊಡಗಿದಳು. ನಾಚಿಕೆಪಡಬೇಕಾದವರು ಬೇರೆಯವರು, ಮುಖ ಮರೆಸಿಕೊಂಡವಳು ಆಕೆ. ಈ ಅದಲು ಬದಲನ್ನು ಸರಿಪಡಿಸುವುದು ನಮ್ಮ ನಿಮ್ಮೆಲ್ಲರ ಹೊಣೆ.

ನಾಳೆ ಅಲ್ಲಾಹನ ಮುಂದೆ ತಂದೆ ತನ್ನ ಲೆಕ್ಕ ಒಪ್ಪಿಸುವನು. ರಾಜಿ ಕಾಗದಕ್ಕೆ ಸಾಕ್ಷಿ ಹಾಕಿದ ನಾವೂ ಅಲ್ಲಿ ಸಾಕ್ಷಿಗಳಾಗಿ ನಿಲ್ಲಬೇಕಾಗುತ್ತದೆ. ಆ ದಿನ ಚಮಚಗಳ ಲೆಕ್ಕವನ್ನು ಯಾರೂ ಕೇಳಲಾರರು, ಮಕ್ಕಳ ಲೆಕ್ಕವನ್ನು ಕೇಳಿಯೇ ಕೇಳುವರು. ಅಂದು ಉತ್ತರಿಸಲು ಶಕ್ತರಾಗುವಂತೆ ಇಂದು ಬರೆದಿಡುವ ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.